ಡಬ್ಬಿ ಸುಮ್ಮನಿದ್ದ ಬೆಳಿಗ್ಗೆ

ನನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಗುರುತಿದೆ. ಅಲ್ಲಿ ಅಂಟಿಸಿದ್ದ ಗೋಂದು ಇನ್ನೂ ಪೂರ್ತಿ ಹೋಗಿಲ್ಲ, ಧೂಳು ಹಿಡಿದು ಕಪ್ಪಾಗಿದೆ. ಕಾರು ಹತ್ತಿದವರಲ್ಲಿ ಯಾರಾದರೂ ಒಬ್ಬರು ಅದೇನು ಅಂತ ಕೇಳುತ್ತಾರೆ. ಪೊಲೀಸರ ಸ್ಪೀಡ್ ಗನ್ ಹತ್ತಿರ ಬಂದರೆ ಕೂಗುವ ಡಬ್ಬಿ ಇತ್ತು ಅಂದರೆ ಸಾಕು, ಗಂಡಸರಿಗೆ ಕಣ್ಣರಳುತ್ತೆ. "ಉಪಯೋಗಕ್ಕೆ ಬತ್ತದಾ ಅಕ್ಕಾ? ಎಲ್ಲಿ ಸಿಗ್ತದೆ?" ಅಂತಾರೆ. ಆ ಡಬ್ಬಿ ನನ್ನ ಹತ್ತಿರ ಎರಡೂವರೆ ತಿಂಗಳಿತ್ತು, ಅಷ್ಟೂ ದಿನ ಒಂದೇ ಒಂದು ದಂಡದ ನೋಟಿಸ್ ಬರಲಿಲ್ಲ. ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡರೆ ಅದು ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದ್ದು. ಅದಕ್ಕೇ ಕೇಳಿದವರಿಗೆಲ್ಲ ನಾನು ಹುರುಳಿಯ ಕಥೆ ಹೇಳುತ್ತೇನೆ.

ನನ್ನ ಕೆಲಸ ಮದುಮಗಳಿಗೆ ಮೇಕಪ್ ಮಾಡುವುದು. ನಂಜನಗೂಡಿನಲ್ಲಿ ಒಂದು ಪುಟ್ಟ ಪಾರ್ಲರ್ ಇದೆ, ಹುಬ್ಬು ತಿದ್ದುವುದು ಬಿಟ್ಟರೆ ಅಲ್ಲಿ ಹೆಚ್ಚೇನೂ ನಡೆಯಲ್ಲ. ನಿಜವಾದ ಕೆಲಸ ಛತ್ರಗಳಲ್ಲಿ. ಇವತ್ತು ಕವಲಂದೆ, ನಾಳೆ ಹುಲ್ಲಹಳ್ಳಿ, ನಾಡಿದ್ದು ನರಸೀಪುರ. ಪುರೋಹಿತರು ತಡವಾಗಿ ಬಂದರೆ ದೈವೇಚ್ಛೆ, ತಿಂಡಿ ತಡವಾದರೆ ಗ್ಯಾಸ್ ಸಿಲಿಂಡರಿನ ತಪ್ಪು, ಮೇಕಪ್ಪಿನವಳು ಐದು ನಿಮಿಷ ತಡಮಾಡಿದರೆ ಮಾತ್ರ ಇಡೀ ಛತ್ರ ಅವಳ ಮೇಲೆ ಬೀಳುತ್ತೆ. ಕಾರು ಬರುವ ಮುಂಚೆ ಮೂರು ವರ್ಷ ನಾನು ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲೇ ಓಡಾಡಿದ್ದೆ. ಒಂದು ಸಲ ಹುಲ್ಲಹಳ್ಳಿ ಬಸ್ಸಿನಲ್ಲಿ ಒಬ್ಬ ಮಹಾನುಭಾವ ನನ್ನ ಮೊಗ್ಗಿನ ಜಡೆಯ ಮೇಲೆ ಕೂತುಬಿಟ್ಟ. ಎದ್ದು, "ಮೆತ್ತಗಿತ್ತಲ್ಲ ಕಣವ್ವ, ಗೊತ್ತಾಗ್ನಿಲ್ಲ" ಅಂದ. ಆ ಹುಡುಗಿ ಬಿಡಿ ಹೂ ಮುಡಿದು ಧಾರೆಗೆ ಕೂತಳು. ಅವಳ ತಾಯಿ ಇವತ್ತಿಗೂ ಬಜಾರಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

ಕಾರು ಕೊಡಿಸಿದವರು ನಮ್ಮ ಮಾವ. ಕವಲಂದೆ ಕಡೆಯ ಹೊಲದಲ್ಲಿ ಬದುಕು ಸವೆಸಿ, ಮಂಡಿ ನೋವು ಶುರುವಾದ ಮೇಲೆ ನಂಜನಗೂಡಿಗೆ ಬಂದು ನಮ್ಮ ಜೊತೆ ಇದ್ದವರು. ಹಣೆಗೆ ವಿಭೂತಿ ಇಡದೆ ಕಾಫಿ ಮುಟ್ಟದ ಮನುಷ್ಯ. ಎಡಗಿವಿ ಮಂದ, ಅದಕ್ಕೇ ಟಿವಿಯ ಸದ್ದು ಪಕ್ಕದ ಬೀದಿಗೂ ಕೇಳಬೇಕು. ಸೊಸೆ ಕಾರು ಓಡಿಸುತ್ತಾಳಂತೆ ಅಂತ ನೆಂಟರೆಲ್ಲ ನಕ್ಕಾಗ ನಗದೆ ಇದ್ದವರು ಅವರೊಬ್ಬರೇ. ಕಾರು ಅವರ ಹೆಸರಿನಲ್ಲೇ ಇತ್ತು, ಕಾಗದಪತ್ರಕ್ಕೆ ಕೊಟ್ಟ ಫೋನ್ ನಂಬರೂ ಅವರದೇ. ಅದರ ಫಲ ಏನು ಅಂತ ಮೊದಲ ನೋಟಿಸ್ ಬಂದ ಸಂಜೆ ತಿಳಿಯಿತು.

ವಾರ್ತೆ ನಡೀತಿತ್ತು. ಮಾವನ ಫೋನು ಟಿಣ್ ಅಂತು. ಮೆಸೇಜು ಇಂಗ್ಲಿಷಿನಲ್ಲಿದ್ದದ್ದರಿಂದ ಅವರು ಫೋನನ್ನು ನನಗೇ ಕೊಟ್ಟು, "ಏನಂತೆ ಓದವ್ವ" ಅಂದರು. ತಾಂಡವಪುರದ ಹತ್ತಿರ ಇಷ್ಟು ಹೊತ್ತಿಗೆ ಇಂಥ ನಂಬರಿನ ಕಾರು ಮಿತಿ ಮೀರಿದ ವೇಗದಲ್ಲಿ ಹೋಗಿದೆ ಅಂತ ನನ್ನ ಕಳ್ಳತನವನ್ನು ನಾನೇ ನಿಂತು ಓದಬೇಕಾಯಿತು. ಜೊತೆಗೆ ಕಾರಿನ ಹಿಂಭಾಗದ ಫೋಟೋ ಬೇರೆ. ಮಾವ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ನಮ್ದೇಯ" ಅಂದರು, ಅಷ್ಟೇ. ಮೂರು ವಾರ ಕಳೆದು ಎರಡನೆಯದು ಬಂತು. ಆ ಸಲ ನಮ್ಮ ಯಜಮಾನರು ಫ್ಯಾಕ್ಟರಿಯ ಪಾಳಿ ಮುಗಿಸಿ ಮನೆಯಲ್ಲೇ ಇದ್ದರು. "ಇನ್ನೊಂದು ಬರ್ಲಿ, ಕೀ ಮೊಳೆಗೆ. ಮದುವೆ ಇದ್ರೆ ಬಸ್ಸಲ್ಲಿ ಹೋಗು" ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ನಾನು ಮಾವನ ಮುಖ ನೋಡಿದೆ. ಅವರು ಅಡ್ಡ ಬರುತ್ತಾರೆ ಅಂತ ಆಸೆಯಿತ್ತು. ಅವರು ನಿಧಾನವಾಗಿ, "ಅವ್ನ್ ಏಳೋದು ಸರಿಯಾಗದೆ ಕಣವ್ವ" ಅಂದರು. ಬಾಗಿಲ ಪಕ್ಕದ ಆ ಮೊಳೆಯನ್ನು ನೋಡಿದರೆ ನನಗೆ ಹುಲ್ಲಹಳ್ಳಿ ಬಸ್ಸೇ ಕಣ್ಣ ಮುಂದೆ ಬರುತ್ತಿತ್ತು.

ನಿಧಾನವಾಗಿ ಓಡಿಸಬಹುದಿತ್ತು. ಅದು ನನಗೆ ಹೊಳೆಯಲಿಲ್ಲ ಅಂತಲ್ಲ, ರುಚಿಸಲಿಲ್ಲ. ನಾನು ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನದು ಕಾರಿನ ಸೀಟ್ ಕವರು, ಹಾರ್ನು, ಸ್ಪೀಕರು ಮಾರುವ ಅಂಗಡಿ. ಅವನೇ ಬಂದು ಆ ಡಬ್ಬಿಯನ್ನು ಅಂಟಿಸಿ, ಅದರ ವೈರನ್ನು ಮೊಬೈಲ್ ಚಾರ್ಜ್ ಮಾಡುವ ಕಿಂಡಿಗೆ ಸಿಕ್ಕಿಸಿದ. ರೇಡಾರ್ ಡಿಟೆಕ್ಟರ್ ಅಂತ ಅದರ ಹೆಸರು. ಹಸಿರು ದೀಪ ಮಿನುಗುತ್ತಿದ್ದರೆ ಎಲ್ಲ ಕ್ಷೇಮ, ಗನ್ನಿನ ಅಲೆ ತಗುಲಿದರೆ ಕೆಂಪಾಗಿ ಕಿರುಚುತ್ತೆ. "ನೋಡಕ್ಕಾ, ಪೊಲೀಸರು ಇದನ್ನ ಕಂಡ್ರೆ ಕಿತ್ಕೊಂಡು ಹೋಗ್ತಾರೆ. ಇನ್ನೊಂದು ವಿಷ್ಯ, ಈಗ ಬೆಳಕು ಬಿಡೋ ಗನ್ನು ಬಂದಿವೆ. ಅದಾದ್ರೆ ಇದು ಕೂಗೋ ಹೊತ್ತಿಗೆ ನಿನ್ನ ಫೋಟೋ ತೆಗೆದಾಗಿರುತ್ತೆ" ಅಂತ ಅವನು ಹೇಳಿದ. ಮಾರುವವನೇ ಬೇಡ ಅನ್ನುವ ಹಾಗೆ ಹೇಳಿದ ಮೇಲೂ ನಾನು ಇಟ್ಟುಕೊಂಡೆ. ನನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಳ್ಳುವುದರಲ್ಲಿ ನಾನು ಮಾವನಿಗಿಂತ ಒಂದು ಕೈ ಮೇಲು.

ಮೊದಲ ವಾರ ಅದು ಕಂಡಕಂಡಲ್ಲಿ ಕಿರುಚಿತು. ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲಿರುವ ಒಡವೆ ಅಂಗಡಿಯ ಮುಂದೆ ಕಿರುಚಿತು, ಪಕ್ಕದಲ್ಲಿ ದೊಡ್ಡ ಹೊಸ ಕಾರು ಬಂದರೆ ಕಿರುಚಿತು. ಎಸೆದುಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ತಾಂಡವಪುರದ ಹತ್ತಿರ ಒಂದು ಬೆಳಿಗ್ಗೆ ಕಿರುಚಿದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಮರದ ಕೆಳಗೆ ಪೊಲೀಸರ ಬಿಳಿ ಗಾಡಿ, ಅದರ ಮೇಲೆ ಕ್ಯಾಮೆರಾ. ನಾನು ಒಳ್ಳೆ ಸೊಸೆಯ ಹಾಗೆ ಅದರ ಮುಂದೆ ಮೆಲ್ಲಗೆ ಸಾಗಿದೆ. ಮುಂದಿದ್ದ ಲಾರಿ ಆಗಲೇ ನಿಧಾನ ಮಾಡಿತ್ತು, ಡಬ್ಬಿ ಕೂಗದಿದ್ದರೂ ನಾನು ನಿಧಾನ ಮಾಡಲೇಬೇಕಿತ್ತು ಅನ್ನುವುದು ಈಗ ನೆನಪಾಗುತ್ತೆ. ಆಗ ಅದೆಲ್ಲ ಲೆಕ್ಕಕ್ಕೆ ಬರಲಿಲ್ಲ. ಒಂದು ಸಲ ನಿಜ ಹೇಳಿದ ಜ್ಯೋತಿಷಿಯನ್ನು ನಂಬುವ ಹಾಗೆ ಅವತ್ತಿನಿಂದ ಅದನ್ನು ನಂಬಿದೆ.

ನಮ್ಮ ಕಡೆ ಡಬ್ಬಿ ಇಲ್ಲದೆಯೂ ಒಂದು ಪದ್ಧತಿ ಇದೆ. ಎದುರಿನಿಂದ ಬರುವವರು ಹೆಡ್‌ಲೈಟ್ ಹಾಕಿ ಆರಿಸುತ್ತಾರೆ, ಕೆಲವರು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಗಾಳಿಯನ್ನು ತಟ್ಟುತ್ತಾರೆ. ಮುಂದೆ ಏನೋ ಇದೆ, ನಿಧಾನ ಅಂತ. ಗುರುತು ಪರಿಚಯ ಇಲ್ಲದವರು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಉಪಕಾರ ಅದು. ಆದರೆ ಹೆಂಗಸು ಓಡಿಸುತ್ತಿದ್ದಾಳೆ ಅಂತ ಕಂಡರೆ ಸುಮ್ಮನೆ ಲೈಟ್ ಹಾಕಿ ಹಲ್ಲು ಕಿರಿಯುವವರೂ ಇದ್ದಾರೆ. ಎಷ್ಟೋ ಸಲ ಪೊಲೀಸರಿದ್ದಾರೆ ಅಂತ ಹೆದರಿ ನಿಧಾನ ಮಾಡಿ, ಮೈಲಿಗಟ್ಟಲೆ ಯಾರೂ ಇಲ್ಲದೆ ಬೆಪ್ಪಾಗಿದ್ದೇನೆ. ಡಬ್ಬಿ ಬಂದ ಮೇಲೆ ಆ ಪೋಲಿಗಳ ಹಂಗು ತಪ್ಪಿತು ಅಂತ ಎಷ್ಟು ಖುಷಿಪಟ್ಟೆನೋ! ಯಾರಾದರೂ ಲೈಟ್ ಹಾಕಿದರೆ ಮೊದಲು ಡಬ್ಬಿ ನೋಡುತ್ತಿದ್ದೆ. ಹಸಿರಿದ್ದರೆ ಕಾಲು ತೆಗೆಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಲಗ್ನಗಳು ಶುರುವಾದವು. ಆ ದಿನ ನಾನು ಎರಡು ಮದುವೆ ಒಪ್ಪಿಕೊಂಡಿದ್ದೆ. ಹುಲ್ಲಹಳ್ಳಿಯಲ್ಲಿ ಬೆಳಗಿನ ಜಾವದ ಮುಹೂರ್ತ, ನರಸೀಪುರದಲ್ಲಿ ಒಂಬತ್ತೂವರೆಯ ಮೇಲೆ. ಏಳಕ್ಕೆ ಹುಲ್ಲಹಳ್ಳಿ ಬಿಟ್ಟರೆ ಎಂಟೂಕಾಲಿಗೆ ನರಸೀಪುರ ಅಂತ ಎಣಿಕೆ. ಆದರೆ ಹುಲ್ಲಹಳ್ಳಿಯ ಹುಡುಗಿ ಧಾರೆ ಮುಗಿದ ಮೇಲೆ ಇನ್ನೊಂದು ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳಬೇಕು ಅಂತ ಹಠ ಹಿಡಿದಳು. ನೆರಿಗೆ ಹಿಡಿದು ಮುಗಿಸಿ ಹೊರಟಾಗ ಎಂಟಕ್ಕೆ ಹತ್ತು ನಿಮಿಷ. ನಂಜನಗೂಡು ದಾಟುವ ಹೊತ್ತಿಗೆ ನರಸೀಪುರದ ಹುಡುಗಿಯ ಚಿಕ್ಕಮ್ಮ ಮೂರು ಸಲ ಫೋನ್ ಮಾಡಿದ್ದರು.

"ಎಲ್ಲಿದ್ದೀರಿ?"

"ಇಲ್ಲೇ ಬಂದೆ, ಹತ್ತು ನಿಮಿಷ."

ಇನ್ನೂ ಇಪ್ಪತ್ತೈದು ಕಿಲೋಮೀಟರಿತ್ತು. ಹೈವೇ ಬಿಟ್ಟು ಒಳರಸ್ತೆ ಹಿಡಿದೆ. ಎಡಬಲಕ್ಕೆ ಗದ್ದೆ, ಕಬ್ಬು, ಮಧ್ಯೆ ಒಣ ಹೊಲ. ಗರಿಕೆ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ವೇಗದ ಮುಳ್ಳು ಎಂಬತ್ತೈದಕ್ಕೆ ಬಂತು, ತೊಂಬತ್ತು ದಾಟಿತು. ಭಯ ಇತ್ತು. ಆದರೆ ಅದು ರಸ್ತೆಯ ಭಯ ಅಲ್ಲ, ಆ ಚಿಕ್ಕಮ್ಮನ ಭಯ.

ಎದುರಿಗೆ ಹಾಲಿನ ಗಾಡಿ ಬಂತು. ಡ್ರೈವರು ಎರಡು ಸಲ ಲೈಟ್ ಹಾಕಿದ. ಡಬ್ಬಿ ನೋಡಿದೆ, ಹಸಿರು. ಹತ್ತಿರ ಬಂದಾಗ ಅವನು ಕೈ ಹೊರಗೆ ಚಾಚಿ ಗಾಳಿ ತಟ್ಟಿದ, ಬಾಯಲ್ಲಿ ಏನೋ ಅಂದ. "ಹೋಗೋಲೋ" ಅಂದೆ ಗಾಜಿನೊಳಗಿಂದಲೇ. ಸ್ವಲ್ಪ ದೂರಕ್ಕೆ ಒಂದು ಬಸ್ಸು, ಅದೂ ಲೈಟ್ ಹಾಕಿತು. ಇಬ್ಬರು ಹಾಕಿದ್ದಾರೆ ಅಂದರೆ ಹೆಲ್ಮೆಟ್ ಹಿಡಿಯುವ ಪೊಲೀಸರಿರಬಹುದು, ನನ್ನ ತಲೆಗೇನು ಹೆಲ್ಮೆಟ್ ಬೇಕಾ, ಗನ್ನಂತೂ ಇಲ್ಲ ಅಂದುಕೊಂಡೆ. ಮತ್ತೆ ಫೋನ್ ರಿಂಗಾಯಿತು. ನಾಲೆಯ ಸೇತುವೆ ದಾಟಿ ತಿರುವು ತೆಗೆದುಕೊಂಡೆ.

ರಸ್ತೆ ಇರಲಿಲ್ಲ. ಟಾರಿನ ಮೇಲೆ ಅಂಚಿನಿಂದ ಅಂಚಿಗೆ ಹುರುಳಿ ಗಿಡ ಹರಡಿತ್ತು, ಮೊಣಕಾಲಿನ ಎತ್ತರಕ್ಕೆ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆಯಲಿ ಅಂತ ನಮ್ಮ ಕಡೆ ರಸ್ತೆಯಲ್ಲೇ ಒಕ್ಕಣೆ ಹಾಕುತ್ತಾರೆ. ಎಷ್ಟೋ ಸಲ ಅದರ ಮೇಲೆ ಹಾದುಹೋಗಿದ್ದೇನೆ. ಆದರೆ ಇದು ಆಗತಾನೆ ಹೊಲದಿಂದ ತಂದು ಸುರಿದದ್ದು, ಒಂದೆರಡು ಗಾಡಿ ಹಾದಿದ್ದರೂ ಇನ್ನೂ ಕೆಳಗೆ ಕೂತಿರಲಿಲ್ಲ. ಅದರ ನಟ್ಟನಡುವೆ ನನಗೆ ಬೆನ್ನು ಹಾಕಿ ಒಬ್ಬ ಅಜ್ಜಿ ಬಗ್ಗಿ ಗಿಡ ಹರಡುತ್ತಿದ್ದಳು.

ಬ್ರೇಕ್ ತುಳಿದೆ. ಕಾರು ನಿಲ್ಲಲಿಲ್ಲ. ಚಕ್ರ ನಿಂತವು, ಕಾರು ಹೋಗುತ್ತಲೇ ಇತ್ತು. ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಅದಕ್ಕೂ ಕಾರಿಗೂ ಸಂಬಂಧವೇ ಇಲ್ಲದ ಹಾಗಾಯಿತು. ಯಾರೋ ಕಿಟಾರನೆ ಕಿರುಚಿದರು. ಅಜ್ಜಿ ತಿರುಗಿ ನೋಡಿದಳು. ಆ ಮುಖದಲ್ಲಿ ಭಯ ಇರಲಿಲ್ಲ, ಇದೇನಿದು ಅನ್ನುವ ಹಾಗೆ ನನ್ನನ್ನೇ ನೋಡಿದಳು. ಆಮೇಲೆ ಗಾಜಿನಲ್ಲಿ ಅವಳು ಕಾಣಲಿಲ್ಲ.

ಕಾರು ಅಡ್ಡ ತಿರುಗಿ, ಅಂಚಿಗೆ ಜೋಡಿಸಿದ್ದ ಕಲ್ಲಿಗೆ ಹಿಂದಿನ ಚಕ್ರ ಬಡಿದು ನಿಂತಿತು. ಹಿಂದಿನ ಸೀಟಿನ ಪೆಟ್ಟಿಗೆಗಳೆಲ್ಲ ಮುಂದೆ ಬಂದು ಬಿದ್ದಿದ್ದವು. ಇಂಜಿನ್ ಆಫ್ ಆಗಿತ್ತು. ಆ ನಿಶ್ಶಬ್ದದಲ್ಲಿ ಡಬ್ಬಿಯ ಹಸಿರು ದೀಪ ಮಾತ್ರ ಎಲ್ಲ ಕ್ಷೇಮ ಅಂತ ಮಿನುಗುತ್ತಿತ್ತು. ಕೆಳಗಿಳಿಯಬೇಕು ಅಂತ ಗೊತ್ತಿತ್ತು. ಇಳಿದರೆ ಏನು ನೋಡಬೇಕಾಗುತ್ತೋ ಅಂತ ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ಕೂತಿದ್ದೆ.

ಇಳಿದಾಗ ಅಜ್ಜಿ ರಸ್ತೆ ಪಕ್ಕದ ಹಳ್ಳದಲ್ಲಿ ಸೊಪ್ಪಿನ ಮೇಲೆ ಕೂತಿದ್ದಳು. ಕಾರು ತಗುಲಿರಲಿಲ್ಲ, ಪಕ್ಕಕ್ಕೆ ಹಾರಿ ಬಿದ್ದಿದ್ದಳು. ಜೀವ ಇತ್ತು, ಕೂತಿದ್ದಳು, ನನ್ನನ್ನು ನೋಡುತ್ತಿದ್ದಳು. ನನ್ನ ಬಾಯಿಂದ ಮೊದಲು ಬಂದ ಮಾತು ಯಾವುದು ಅಂತ ಬರೆಯಲು ಈಗಲೂ ನಾಚಿಕೆಯಾಗುತ್ತೆ. "ರಸ್ತೆ ಏನು ನಿಮ್ಮ ಕಣ ಅಂದ್ಕೊಂಡ್ರಾ?" ಅಂತ ಕೂಗಿದೆ.

ಕಿರುಚಿದವಳು ಅಜ್ಜಿಯ ಸೊಸೆ. ನನಗಿಂತ ಚಿಕ್ಕವಳು. ಕೈಯಲ್ಲಿದ್ದ ಕವೆಗೋಲನ್ನು ಎಸೆದು ನನ್ನ ಮುಖಕ್ಕೇ ಬಂದಳು. "ನಿನ್ ಕಣ್ಣೇನ್ ನೆತ್ತಿ ಮ್ಯಾಲಿದ್ದವಾ? ಆಲಿನ್ ಗಾಡಿಯವ್ನು ಲೈಟ್ ಆಕ್ನಿಲ್ವಾ? ಬಸ್ನವ್ನು ಆಕ್ನಿಲ್ವಾ? ಎದ್ರುಗಡೆ ಸಿಕ್ಕೋರ್ಗೆಲ್ಲ ಲೈಟ್ ಆಕ್ರಪ್ಪಾ ಅಂತ ನಾವೇ ಏಳ್ ಕಳ್ಸಿದ್ವಿ!"

ಆ ಡ್ರೈವರುಗಳಿಬ್ಬರೂ ನನ್ನನ್ನು ರೇಗಿಸಿರಲಿಲ್ಲ. ಪೊಲೀಸರನ್ನೂ ತೋರಿಸಿರಲಿಲ್ಲ. ಈ ಅಜ್ಜಿಯನ್ನು ತೋರಿಸಿದ್ದರು.

"ಬುಡೇ, ಆ ಕೂಸೂ ಎದ್ರಿ ನಡುಗ್ತಾ ಅದೆ" ಅಂತ ಅಜ್ಜಿ ಸೊಸೆಗೆ ಗದರಿ, ನನ್ನ ಕಡೆ ನೋಡಿದಳು. ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಒತ್ತಿ ಹಿಡಿದಿದ್ದಳು. "ಯಾರ್ಗವ್ವ ಉಷಾರಿಲ್ಲ? ಆಸ್ಪತ್ರೆಗ್ ಓಯ್ತಿದ್ಯಾ?"

"ಇಲ್ಲ ಅಜ್ಜಿ. ಮದುವೆಗೆ."

"ಯಾರ್ದು, ನಿಂದಾ?"

ಅವಳು ಕುಹಕವಾಡಲಿಲ್ಲ. ಅಷ್ಟು ಜೋರಾಗಿ ಯಾಕಾದರೂ ಬರುತ್ತಾರೆ ಅಂತ ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಯಾರದೋ ಮಗಳ ಕಣ್ಣಿಗೆ ಕಾಡಿಗೆ ಹಚ್ಚಲು ಹೊರಟಿದ್ದೆ ಅಂತ ಹೇಳದೆ, "ಆಸ್ಪತ್ರೆಗೆ ಹೋಗೋಣ ಬನ್ನಿ" ಅಂದೆ. ಆಗಲೇ ಕಾರಿನೊಳಗೆ ಫೋನ್ ಬಡಿದುಕೊಂಡಿತು. ಅಜ್ಜಿ ಆ ಕಡೆ ಕತ್ತು ತಿರುಗಿಸಿ, "ಓಗು, ಎಣ್ಣು ಕಾಯ್ಕಂಡ್ ಕೂತದೆ. ಇದೇನ್ ಉಳುಕಿರ್ಬೇಕು, ಎಣ್ಣೆ ತಿಕ್ಕಂಡ್ರೆ ಓಯ್ತದೆ" ಅಂದಳು. ಮಣಿಕಟ್ಟು ನಾನು ನೋಡುತ್ತಿದ್ದ ಹಾಗೇ ಊದುತ್ತಿತ್ತು.

ನಾನು ಹೋದೆ. ಅಷ್ಟೇ ಬೇಕಾಗಿತ್ತು ನನಗೆ, ಯಾರಾದರೂ ಹೋಗು ಅನ್ನಬೇಕಾಗಿತ್ತು.

ಛತ್ರದಲ್ಲಿ ಚಿಕ್ಕಮ್ಮ ಏನೇನು ಅಂದರೋ ಕಿವಿಗೆ ಬೀಳಲಿಲ್ಲ. ಹುಡುಗಿಯ ಕಣ್ಣಿಗೆ ಕಾಡಿಗೆ ಎಳೆಯಲು ಹೋದರೆ ಗೆರೆ ಕಿವಿಯ ಕಡೆಗೆ ಹೋಯಿತು. ಒರೆಸಿದೆ, ಮತ್ತೆ ಎಳೆದೆ, ಮತ್ತೆ ಒರೆಸಿದೆ. ಮೂರನೇ ಸಲಕ್ಕೆ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, "ಕೊಡಿ ಅಕ್ಕಾ, ನಾನೇ ಹಚ್ಕೋತೀನಿ" ಅಂದಳು. ಮುಹೂರ್ತ ತಪ್ಪಲಿಲ್ಲ. ಊಟಕ್ಕೆ ಕೂರದೆ ಹೊರಟೆ. ಬಂದ ದಾರಿಯಲ್ಲಿ ಹೋಗಲು ಧೈರ್ಯ ಬರದೆ, ಮೈಸೂರಿನ ಮೇಲೆ ಸುತ್ತು ಹಾಕಿ ನಂಜನಗೂಡು ಸೇರಿದೆ.

ಸಂಜೆ ವಾರ್ತೆಯ ಹೊತ್ತಿಗೆ ಮಾವನ ಫೋನು ಟಿಣ್ ಅಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ. ಆ ರಸ್ತೆಯಲ್ಲಿ ಕ್ಯಾಮೆರಾ ಇಲ್ಲ ಅಂತ ಗೊತ್ತಿದ್ದೂ ಎದ್ದೆ. ಮಾವ ಫೋನ್ ಕೊಟ್ಟರು. ಗ್ಯಾಸ್ ಸಿಲಿಂಡರಿನ ಮೆಸೇಜು.

"ನಿಂದಲ್ವಲ್ಲ?"

"ಅಲ್ಲ ಮಾವ."

"ಎಲ್ಡ್ ತಿಂಗ್ಳಾಯ್ತಲ್ವ, ಒಂದೂ ಬಂದಿಲ್ಲ. ಒಳ್ಳೇದು ಕಣವ್ವ. ನಾನು ಮೊನ್ನೆ ಅವ್ನ್ಗೂ ಏಳ್ದೆ, ಸುಮ್ನೆ ಅದ್ರ್ಯಾಕ್ ಬೈದೆ, ಕೂಸು ತಿದ್ಕಂತು ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದ್ದು ತಡೆಯಲಾಗಲಿಲ್ಲ. ಟಿವಿ ಆರಿಸಿ, ಅವರ ಬಲಗಿವಿಯ ಕಡೆ ಕೂತು ಎಲ್ಲವನ್ನೂ ಹೇಳಿದೆ. ಡಬ್ಬಿ, ಹಾಲಿನ ಗಾಡಿ, ತೊಂಬತ್ತರ ಮುಳ್ಳು, ಅಜ್ಜಿ. ಮುಗಿದ ಮೇಲೆ ಮಾವ ಕೇಳಿದರು.

"ಆಯಮ್ಮನ್ ಕೈ ಊದ್ತಿತ್ತಾ?"

"ಊದ್ತಿತ್ತು."

"ಆಮ್ಯಾಕೆ?"

"ಆಮೇಲೆ ನಾನು ಹೋದೆ ಮಾವ."

"ಓದ್ಯಾ" ಅಂದರು. ನಾನು ಎದ್ದು ಕಾರಿನ ಕೀಯನ್ನು ಮೊಳೆಗೆ ಹಾಕಿದೆ. ಯಾರೂ ಹಾಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾಡಿದ್ದು ಕವಲಂದೆಯಲ್ಲಿ ಮದುವೆ ಇತ್ತು. ಬಸ್ಸಿನ ಸಮಯ ನೆನಪು ಮಾಡಿಕೊಳ್ಳುತ್ತ ಮಲಗಿದೆ.

ಬೆಳಿಗ್ಗೆ ಮಾವ ವಿಭೂತಿ ಇಟ್ಟು, ಹೆಗಲ ಮೇಲೆ ಕೆಂಪು ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೀ ಅವರ ಕೈಯಲ್ಲಿತ್ತು. "ನಡಿ, ಆ ರಸ್ತೆ ತೋರ್ಸು" ಅಂದರು.

"ನೀವು ಆಟೋದಲ್ಲಿ..."

"ನೀನೇ ಓಡ್ಸು. ಕೀ ವಿಷ್ಯ ಆಮ್ಯಾಕೆ ನೋಡುವಾ."

ಕಾರು ಹತ್ತಿ ಅವರು ತಮ್ಮ ಫೋನನ್ನು ಚಾರ್ಜಿಗೆ ಹಾಕಲು ನೋಡಿದರು. ಕಿಂಡಿಯಲ್ಲಿ ಡಬ್ಬಿಯ ವೈರಿತ್ತು. "ಇದೇಯಾ ಅದು?" ಅಂತ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. "ಇದು ಕೂಗ್ದೆ ಇದ್ರೆ ರಸ್ತೇಲಿ ಯಾರೂ ಇಲ್ಲ ಅಂತನಾ?"

"ಪೊಲೀಸರಿಲ್ಲ ಅಂತ ಮಾವ."

ಅವರು ತಲೆಯಾಡಿಸಿದರು. ನಾನು ವೈರು ಕಿತ್ತು ಅವರ ಫೋನಿನದನ್ನು ಹಾಕಿದೆ. ಎದುರಿಗೆ ಬಂದ ಪ್ರತಿ ಗಾಡಿಯ ದೀಪವನ್ನೂ ನೋಡಿದೆ. ನಾಲೆ ಹತ್ತಿರವಾದಷ್ಟೂ ಕಾರನ್ನು ಇನ್ನೂ ನಿಧಾನ ಮಾಡಿದೆ. ತಿರುವಿಗೆ ಮುಂಚೆಯೇ ಕಾರನ್ನು ಅಂಚಿಗೆ ನಿಲ್ಲಿಸಿ ನಡೆದೇ ಹೋದೆವು.

ಅಜ್ಜಿ ಮರದ ಕೆಳಗೆ ಕೂತಿದ್ದಳು. ಕೈಗೆ ಬಿಳಿ ಪಟ್ಟಿ. ಹಿಂದಿನ ದಿನ ಮಧ್ಯಾಹ್ನವೇ ಸೊಸೆ ನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳಂತೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಸೊಸೆ ನನ್ನನ್ನು ಕಂಡು ಮುಖ ಗಂಟು ಹಾಕಿಕೊಂಡು, ಒಬ್ಬಳೇ ಗಿಡ ತಿರುವುತ್ತಿದ್ದಳು. ನಾನು ಕೈ ಮುಗಿದೆ. ತಪ್ಪಾಯಿತು ಅಂದೆ. ಅಜ್ಜಿ ಕೂರು ಅಂತ ಪಕ್ಕದ ಜಾಗ ತೋರಿಸಿದಳು.

ಮಾವ ಕೂರಲಿಲ್ಲ. "ರಸ್ತೆ ಮ್ಯಾಲೆ ಒಕ್ಕೋದು ತಪ್ಪೇ ಕಣವ್ವ" ಅಂದರು ಅಜ್ಜಿಗೆ. "ನಾನೂ ಮಾಡಿವ್ನಿ, ಆ ತಪ್ಪ."

"ಏನ್ ಮಾಡಾನಪ್ಪ, ಕಣ ಎಲ್ಲದೆ ಈಗ? ಎತ್ತೆಲ್ಲವೆ?" ಅಂದಳು ಅಜ್ಜಿ.

"ಅದೂ ಸರಿಯೇ. ಎಷ್ಟ್ ಉಳ್ಕಂಡದೆ?"

"ಅರ್ಧಕ್ಕರ್ಧ."

ಮಾವ ಪಂಚೆ ಮೇಲಕ್ಕೆ ಕಟ್ಟಿದರು. ಟವೆಲನ್ನು ಒಂದು ಕೋಲಿಗೆ ಕಟ್ಟಿ ನಾನು ಬಂದ ಕಡೆಯ ತಿರುವಿನಲ್ಲಿ ನೆಟ್ಟು ಬಂದರು. ಇನ್ನೊಂದು ಕಡೆಯದು ನೇರ ರಸ್ತೆ, ದೂರದಿಂದಲೇ ಕಾಣುತ್ತಿತ್ತು. ಹುರುಳಿಯನ್ನು ರಸ್ತೆಯ ಅರ್ಧಕ್ಕೆ ಎಳೆದು, ಉಳಿದರ್ಧವನ್ನು ಖಾಲಿ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತತ್ತಾ ಕಾರ" ಅಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರು ನನ್ನಿಂದ ಒಕ್ಕಿಸಲು ಬಂದಿದ್ದರು.

ಕಾರನ್ನು ಹುರುಳಿಯ ಮೇಲೆ ಹತ್ತಿಸಿದೆ. ಹಿಂದಿನ ದಿನದ ಹಾಗೆ ಚಕ್ರದ ಕೆಳಗೆ ನೆಲ ಮೆತ್ತಗಾದ ಕೂಡಲೆ ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ಮಾವ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಅಂಗೈ ಕೆಳಗೆ ಮಾಡಿ ಗಾಳಿ ತಟ್ಟುತ್ತಿದ್ದರು. ಹಾಲಿನ ಗಾಡಿಯವನು ಮಾಡಿದ್ದು ಅದೇ ಸನ್ನೆ. "ಎತ್ತಿನ್ ಎಜ್ಜೆ, ಎತ್ತಿನ್ ಎಜ್ಜೆ. ಬ್ರೇಕ್ ಮುಟ್ಬ್ಯಾಡ" ಅಂತ ಕೂಗುತ್ತಿದ್ದರು. ವೇಗದ ಮುಳ್ಳು ಏಳಲೇ ಇಲ್ಲ. ಗಾಜು ಇಳಿಸಿದ್ದರಿಂದ ಕಾಯಿ ಚಟಚಟ ಒಡೆಯುವುದು ಕೇಳುತ್ತಿತ್ತು. ಆ ತುದಿಗೆ ಹೋಗುವುದು, ಕಾರು ತಿರುಗಿಸಿಕೊಂಡು ಬರುವುದು. ನಡುವೆ ಸೊಸೆ ಮತ್ತು ಮಾವ ಕವೆಗೋಲಿನಲ್ಲಿ ಗಿಡ ತಿರುವಿ ಹಾಕುವುದು. ಪ್ರತಿ ಸುತ್ತಿಗೂ ಅವರ ಪಾದ ನನ್ನ ಚಕ್ರದಿಂದ ಒಂದು ಗೇಣು ದೂರ ಇರುತ್ತಿತ್ತು, ಪ್ರತಿ ಸುತ್ತಿಗೂ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ತೊಂಬತ್ತರಲ್ಲಿ ಹೋಗುವಾಗ ಪಡದ ಭಯವನ್ನೆಲ್ಲ ಅವತ್ತು ಎತ್ತಿನ ಹೆಜ್ಜೆಯಲ್ಲಿ ಪಟ್ಟೆ.

ಹತ್ತು ಸುತ್ತಾದ ಮೇಲೆ ಮಾವ ಕಿಟಕಿಯ ಹತ್ತಿರ ಬಂದು ಬೆವರು ಒರೆಸಿಕೊಂಡರು. "ನಾಳೆ ಕವಲಂದೆ ಮದ್ವೆಗೆ ಎಷ್ಟೊತ್ಗ್ ಒಲ್ಡ್ಬೇಕು?"

"ಆರಕ್ಕೆ."

"ಐದಕ್ ಒಲ್ಡು" ಅಂದರು. ಕೋಲೂರಿಕೊಂಡು ಮತ್ತೆ ಹುರುಳಿಯ ಮಧ್ಯಕ್ಕೆ ಹೋದರು. ಕೀಯ ಮಾತು ಅಲ್ಲಿಗೆ ಮುಗಿಯಿತು. ನನಗೆ ಅಳು ಬಂತು, ಅಜ್ಜಿಗೆ ಕಾಣದಿರಲಿ ಅಂತ ಕನ್ನಡಿ ಸರಿಮಾಡುವ ಹಾಗೆ ಮಾಡಿದೆ.

ಆಗಲೇ ನನ್ನ ಎದುರಿನ ತಿರುವಿನಲ್ಲಿ ಒಂದು ಬಿಳಿ ಕಾರು ಕಂಡಿತು. ಟವೆಲಿನ ಕೋಲನ್ನು ದಾಟಿಯೂ ಅದು ನಿಧಾನ ಮಾಡಲಿಲ್ಲ. ಮಾವನ ಎಡಗಿವಿ ಆ ಕಡೆಗಿತ್ತು, ಬೆನ್ನೂ ಆ ಕಡೆಗೇ. ಬಗ್ಗಿ ಗಿಡ ತಿರುವುತ್ತಿದ್ದರು. ನಾನು ಹಾರ್ನ್ ಒತ್ತಿದೆ. ಅವರು ನನಗೇನೋ ಅವಸರ ಅಂದುಕೊಂಡು, ತಲೆ ಎತ್ತದೆಯೇ ಕೈ ಕೆಳಗೆ ಮಾಡಿ ನಿಧಾನ ನಿಧಾನ ಅಂತ ತಟ್ಟಿದರು. ಸೊಸೆ ಕಿರುಚಿದಳು. ನಾನು ಹೆಡ್‌ಲೈಟ್ ಹಾಕಿದೆ, ಆರಿಸಿದೆ, ಹಾಕಿದೆ, ಆರಿಸಿದೆ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಹಿಂದಿನ ದಿನ ನಾನು ಬೈದಿದ್ದ ಆ ಡ್ರೈವರಿನ ಹಾಗೇ, ಎರಡೂ ಕೈಯಲ್ಲಿ ಗಾಳಿಯನ್ನು ತಟ್ಟಿದೆ. ನನ್ನ ಲೈಟನ್ನು ಅವನು ಏನಂತ ತಿಳಿದಾನು? ಯಾವಳೋ ಸುಮ್ಮನೆ ಹಾಕುತ್ತಿದ್ದಾಳೆ ಅಂದುಕೊಂಡರೆ?

ಕಾರಿನ ಮೂತಿ ಕೆಳಗೆ ಬಗ್ಗಿತು. ನಿಧಾನವಾಯಿತು. ಹುರುಳಿ ಶುರುವಾಗುವ ಜಾಗಕ್ಕೆ ಎರಡು ಮಾರು ಇರುವಾಗ ನಿಂತಿತು. ಆಮೇಲೆ ಖಾಲಿ ಅರ್ಧದಲ್ಲಿ ಮೆಲ್ಲಗೆ ತೆವಳಿಕೊಂಡು ನನ್ನ ಪಕ್ಕಕ್ಕೆ ಬಂತು. ಓಡಿಸುತ್ತಿದ್ದವನು ಗಾಜು ಇಳಿಸಿದ. ಸೀಟ್ ಬೆಲ್ಟನ್ನು ಅವಸರವಾಗಿ ಎಳೆದು ಹಾಕಿಕೊಳ್ಳುತ್ತಿದ್ದ.

"ಮುಂದೆ ಪೊಲೀಸಾ ಅಕ್ಕಾ?"

"ಅಲ್ಲ" ಅಂದೆ. "ನಮ್ಮ ಮಾವ."